ಟಿವಿಯ ಯೇಸು ಮತ್ತು ನೋಡುಗರ ತಕರಾರು

ಯೇಸುವಿನ ಜೀವನ ಹೇಳುವ ಅಮೆರಿಕದ ಟಿವಿ ಸರಣಿ ‘ದಿ ಚೋಸನ್’. ಅದರ ಎರಡನೇ ಸೀಸನ್ನಿನ ಕೊನೆಗೆ ಯೇಸು ಪರ್ವತ ಪ್ರಸಂಗದ, ಅಂದರೆ ಬೆಟ್ಟದ ಮೇಲೆ ಮಾಡಿದ ಹೆಸರಾಂತ ಬೋಧನೆಯ, ಮಾತುಗಳನ್ನು ಮೊದಲೇ ಕೂತು ತಯಾರು ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಶಿಷ್ಯ ಮತ್ತಾಯ ಇರುತ್ತಾನೆ. ಬರೆದುಕೊಳ್ಳುತ್ತಾನೆ, ತನ್ನ ಅಭಿಪ್ರಾಯವನ್ನೂ ಹೇಳುತ್ತಾನೆ. ಬೀದರ್, ಕಲಬುರಗಿ ಕಡೆ ಈ ಸರಣಿಯನ್ನು ಫೋನಿನಲ್ಲಿ ನೋಡಿದವರು ಭಾನುವಾರದ ಆರಾಧನೆ ಮುಗಿದ ಮೇಲೆ ಮಾತಿಗೆ ನಿಂತರೆ, ಮಾತು ಬೇಗ ಇಂಥ ದೃಶ್ಯಗಳಿಗೇ ಬರುತ್ತದೆ. ದೇವಕುಮಾರನಿಗೆ ತಯಾರಿ ಯಾಕೆ ಬೇಕು, ಇದು ಯಾವ ಅಧ್ಯಾಯದಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಮನುಷ್ಯನಾಗಿ ಹುಟ್ಟಿದ ಮೇಲೆ ಹಸಿವು, ದಣಿವು, ಕಣ್ಣೀರು ಎಲ್ಲ ಇತ್ತಲ್ಲ, ಮಾತನ್ನು ಯೋಚಿಸಿ ಆಡಿದರೆ ಏನು ತಪ್ಪು ಎನ್ನುವುದು ಇನ್ನು ಕೆಲವರ ಮಾತು.

ಈ ಜಗಳಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಅದರ ಬೇರು ಸುವಾರ್ತೆಗಳಲ್ಲೇ, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ಲಿನ ನಾಲ್ಕು ಪುಸ್ತಕಗಳಲ್ಲೇ, ಇದೆ ಅಂತ ನನಗನಿಸುತ್ತದೆ. ಹನ್ನೆರಡನೇ ವಯಸ್ಸಿನಲ್ಲಿ ದೇವಾಲಯದಲ್ಲಿ ಕಂಡ ಹುಡುಗ ಮತ್ತೆ ನಮಗೆ ಸಿಗುವುದು ಸುಮಾರು ಮೂವತ್ತನೇ ವಯಸ್ಸಿಗೆ. ನಡುವಿನ ವರ್ಷಗಳಿಗೆ ಸುವಾರ್ತೆ ಬರೆದ ಲೂಕ ಕೊಟ್ಟಿದ್ದು ಒಂದೆರಡು ವಾಕ್ಯ. ಶಿಷ್ಯರ ಹೆಂಡಿರು, ಮನೆ, ಸಾಲ, ಸಿಟ್ಟು ಇವುಗಳ ಬಗ್ಗೆಯೂ ಹೆಚ್ಚು ಹೇಳಿಲ್ಲ. ಎರಡು ಗಂಟೆಯ ಸಿನಿಮಾ ಸುವಾರ್ತೆಯನ್ನು ಬಿಗಿಯಾಗಿ ಹಿಡಿದು ಮುಗಿಸಿಬಿಡಬಹುದು. ಕಂತುಕಂತಾಗಿ ಬರುವ ಟಿವಿ ಸರಣಿಗೆ ಅದು ಸಾಧ್ಯವಿಲ್ಲ. ಖಾಲಿ ಜಾಗವನ್ನು ಯಾರಾದರೂ ತುಂಬಲೇಬೇಕು. ತುಂಬಿದ ಕೂಡಲೇ ತಕರಾರು ಶುರು.

ಮೊದಮೊದಲು ಪ್ರಶ್ನೆ ಇನ್ನೂ ಹಿಂದಿನದಾಗಿತ್ತು: ಯೇಸುವನ್ನು ತೋರಿಸಬಹುದೇ? 1913ರಲ್ಲಿ ಕೆಲಸ ಶುರುಮಾಡಿದ ಬ್ರಿಟನ್ನಿನ ಸಿನಿಮಾ ಸೆನ್ಸಾರ್ ಮಂಡಳಿಗೆ ಆರಂಭದಲ್ಲಿ ಇದ್ದಿದ್ದು ಎರಡೇ ನಿಯಮ. ಬೆತ್ತಲೆ ತೋರಿಸಬಾರದು, ಕ್ರಿಸ್ತನನ್ನು ಮನುಷ್ಯರೂಪದಲ್ಲಿ ತೋರಿಸಬಾರದು. ಇತ್ತ ಮುಂಬಯಿಯಲ್ಲಿ 1910–11ರ ಹೊತ್ತಿಗೆ ದಾದಾಸಾಹೇಬ್ ಫಾಲ್ಕೆ ಕ್ರಿಸ್ತನ ಜೀವನದ ಒಂದು ಮೂಕಿ ಚಿತ್ರ ನೋಡಿದರು. ಅದನ್ನು ನೋಡುತ್ತಲೇ ರಾಮ, ಕೃಷ್ಣರು ಕಣ್ಣ ಮುಂದೆ ಬಂದರು ಎಂದು ಅವರೇ ಬರೆದಿದ್ದಾರೆ. ಅದರಿಂದ ಹುಟ್ಟಿದ ಆಸೆಯೇ 1913ರ ‘ರಾಜಾ ಹರಿಶ್ಚಂದ್ರ’. ಭಾರತದ ಸಿನಿಮಾದ ಹಿಂದೆ ಪರದೆಯ ಯೇಸುವಿನ ಒಂದು ಪಾಲೂ ಇದೆ.

ಆಮೇಲೆ ಜಗಳ ಮುಖದಿಂದ ಮಾತಿಗೆ ಬಂತು. 1941ರ ಡಿಸೆಂಬರ್‌ನಲ್ಲಿ ಬಿಬಿಸಿ ರೇಡಿಯೊ ಯೇಸುವಿನ ಜೀವನದ ಹನ್ನೆರಡು ನಾಟಕಗಳನ್ನು ಶುರುಮಾಡಿತು. ಬರೆದವರು ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್. ಶಿಷ್ಯರು ಬೀದಿಯ ಜನರ ಹಾಗೆ ಮಾತಾಡುತ್ತಾರೆ ಎಂದು ಗೊತ್ತಾದದ್ದೇ ತಡ, ನಾಟಕ ಕೇಳುವ ಮೊದಲೇ ಜನ ಸಿಡಿದೆದ್ದರು. ಪ್ರಧಾನಿ ಚರ್ಚಿಲ್‌ವರೆಗೆ ಮನವಿ ಹೋಯಿತು. 1942ರಲ್ಲಿ ಸಿಂಗಪುರ ಜಪಾನಿನ ಕೈಗೆ ಬಿದ್ದಾಗ, ಇದು ಆ ನಾಟಕಕ್ಕೆ ಸಿಕ್ಕ ಶಿಕ್ಷೆ ಎಂದವರೂ ಇದ್ದರು. ಬಿಬಿಸಿ ನಿಲ್ಲಿಸಲಿಲ್ಲ.

ಟಿವಿಯ ಕಥೆಯಲ್ಲಿ ದೊಡ್ಡ ವರ್ಷ 1977. ಅದು ನಮ್ಮ ಸೀಮೆಗೂ ದೊಡ್ಡ ವರ್ಷವೇ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆದಿತ್ತು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗವೂ ಒಂದು. ಆಗ ಯಾದಗಿರಿಯೂ ಅದರೊಳಗೇ ಇತ್ತು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಕ್ಕೆ ಟಿವಿ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ! ಇಲ್ಲಿಯವರು ಊರ ನಡುವೆ ಗುಂಪಾಗಿ ಕೂತು ಕೃಷಿ, ಆರೋಗ್ಯದ ಕಾರ್ಯಕ್ರಮ ನೋಡಿದ ಆ ಕಾಲದಲ್ಲೇ, ಅತ್ತ ಬ್ರಿಟನ್ ಮತ್ತು ಅಮೆರಿಕದ ಮನೆಗಳಲ್ಲಿ ‘ಜೀಸಸ್ ಆಫ್ ನಜರೆತ್’ ಬಂತು.

ಇಟಲಿಯ ಫ್ರಾಂಕೊ ಜೆಫಿರೆಲ್ಲಿ ನಿರ್ದೇಶನದ ಈ ಸರಣಿ ಆರು ಗಂಟೆಗೂ ಹೆಚ್ಚಿನದು. ಯೇಸುವನ್ನು ಸೌಮ್ಯ, ಸರಳ, ಸಾಮಾನ್ಯ ಮನುಷ್ಯನಂತೆ ತೋರಿಸುತ್ತೇನೆ ಎಂದು ಅವರು ಮೊದಲೇ ಹೇಳಿದ್ದು ಅಮೆರಿಕದ ಕೆಲವು ಪ್ರಾಟೆಸ್ಟೆಂಟ್ ಗುಂಪುಗಳಿಗೆ ಸಿಟ್ಟು ತರಿಸಿತು. ಯಾರೂ ನೋಡುವ ಮುಂಚೆಯೇ ಪ್ರತಿಭಟನೆಯ ಪತ್ರಗಳು ಬಂದವು. ಪ್ರಾಯೋಜಕರಾಗಿದ್ದ ಜನರಲ್ ಮೋಟರ್ಸ್ ಹಿಂದೆ ಸರಿಯಿತು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಆ ಜಾಗಕ್ಕೆ ಬಂತು. ಪ್ರಸಾರವಾದ ಮೇಲೆ ನೋಡಿದವರಲ್ಲಿ ಬಹುಪಾಲು ಜನ ಮೆಚ್ಚಿದರು. ಯೇಸುವಾಗಿದ್ದ ರಾಬರ್ಟ್ ಪೊವೆಲ್ ಕಣ್ಣು ರೆಪ್ಪೆ ಮಿಟುಕಿಸುವುದೇ ಅಪರೂಪ. ಆ ನೀಲಿ ಕಣ್ಣಿನ ನೋಟ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ನಟನ ಫೋಟೊವನ್ನೇ ಯೇಸುವಿನ ಪಟವೆಂದು ಮನೆಯಲ್ಲಿ ಇಟ್ಟುಕೊಂಡವರಿದ್ದಾರೆ. ಮುಂದೆ ಬಂದ ಎಲ್ಲ ಯೇಸುಗಳನ್ನೂ ಜನ ಈ ಮುಖದ ಪಕ್ಕ ಇಟ್ಟೇ ಅಳೆದರು.

ಇದರಲ್ಲಿ ಒಂದು ವಿಷಯ ನನಗೆ ಹಿಡಿಸುವುದಿಲ್ಲ. ಜೆಫಿರೆಲ್ಲಿ ಸುವಾರ್ತೆಯಲ್ಲಿಲ್ಲದ ಜೆರಾ ಎಂಬ ಶಾಸ್ತ್ರಿಯನ್ನು ಸೃಷ್ಟಿಸಿದರು. ಅವನೇ ಶಿಷ್ಯ ಯೂದನನ್ನು ನಂಬಿಸಿ ಮೋಸ ಮಾಡುತ್ತಾನೆ. ಒಳ್ಳೆ ಉದ್ದೇಶದಿಂದಲೇ ಮಾಡಿರಬಹುದು. ಆದರೆ ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಒಪ್ಪಿಸಿದ ಯೂದನ ಹೊಣೆ ಇಲ್ಲಿ ಹಗುರಾಗುತ್ತದೆ. ಸುವಾರ್ತೆ ಸುಮ್ಮನಿರುವಲ್ಲಿ ತುಂಬುವುದು ಬೇರೆ, ಅದು ಹೇಳಿದ್ದನ್ನೇ ಮೆತ್ತಗೆ ಮಾಡುವುದು ಬೇರೆ.

ನಮ್ಮ ಕಡೆ ಯೇಸುವನ್ನು ಮೊದಲು ಪರದೆಯಲ್ಲಿ ತಂದದ್ದು ಬೇರೆ ದಾರಿ. 1978ರ ತೆಲುಗು ಚಿತ್ರ ‘ಕರುಣಾಮಯುಡು’ ಗಡಿಯಾಚೆಯದು ಅನ್ನಿಸಲಿಲ್ಲ. ಬೀದರಿನಲ್ಲಿ ತೆಲುಗು ಬಲ್ಲವರಿಗೆ ಬರವಿಲ್ಲ. ವಿಜಯಚಂದರ್ ಯೇಸುವಾಗಿದ್ದರು. ಹಾಡು, ಕಣ್ಣೀರು, ತಾಯಿಯ ಸಂಕಟ ಎಲ್ಲವೂ ನಮ್ಮ ಪೌರಾಣಿಕ ಚಿತ್ರಗಳ ರೀತಿಯಲ್ಲೇ ಇದ್ದವು. 1979ರ ‘ಜೀಸಸ್’ ಇದಕ್ಕೆ ಪೂರಾ ಉಲ್ಟಾ. ಲೂಕನ ಸುವಾರ್ತೆಯನ್ನು ಬಿಟ್ಟು ಆಚೀಚೆ ಹೋಗದ ಈ ಚಿತ್ರ ಕನ್ನಡವೂ ಸೇರಿ ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಹಳ್ಳಿಗಳಲ್ಲಿ ರಾತ್ರಿ ಪರದೆ ಕಟ್ಟಿ ತೋರಿಸಿದ ಚಿತ್ರ ಇದು. ಇದರ ಬಗ್ಗೆ ಶಾಸ್ತ್ರದ ತಕರಾರು ಕಡಿಮೆ, ಒಣ ಎನ್ನುವ ದೂರು ಜಾಸ್ತಿ.

ದೂರದರ್ಶನದಲ್ಲಿ ರಾಮಾಯಣ, ಮಹಾಭಾರತ ಬಂದುಹೋದ ಮೇಲೆ 1990ರ ದಶಕದಲ್ಲಿ ಕೇರಳದ ನವೋದಯ ಸಂಸ್ಥೆಯ ‘ಬೈಬಲ್ ಕಿ ಕಹಾನಿಯಾಂ’ ಬಂತು. ಅದು ಹಳೆ ಒಡಂಬಡಿಕೆಯಿಂದ, ಅಂದರೆ ಯೇಸುವಿಗಿಂತ ಹಿಂದಿನ ಕಥೆಗಳ ಬೈಬಲ್ ಭಾಗದಿಂದ, ಶುರುವಾದದ್ದು. 1999ರಲ್ಲಿ ಇಟಲಿ, ಅಮೆರಿಕದವರು ಕೂಡಿ ಮಾಡಿದ ಒಂದು ಸರಣಿ ನಗುವ, ಕುಣಿಯುವ ಯೇಸುವನ್ನು ತೋರಿಸಿತು. 2013ರ ‘ದಿ ಬೈಬಲ್’ ಸರಣಿಯಲ್ಲಂತೂ ಯೇಸುವಿಗಿಂತ ಸೈತಾನನ ಪಾತ್ರದ ಮುಖ ಒಬಾಮಾ ಥರ ಇದೆಯೋ ಇಲ್ಲವೋ ಎಂಬುದೇ ಸುದ್ದಿಯಾಯಿತು.

ಖಾಲಿ ಜಾಗ ತುಂಬುವುದು ನಮ್ಮ ಸೀಮೆಗೆ ಹೊಸದೇನಲ್ಲ. ಶ್ರಾವಣದಲ್ಲಿ ಮಠ, ಗುಡಿಗಳಲ್ಲಿ ಪುರಾಣ ಹೇಳಿಸುತ್ತಾರೆ. ಹೇಳುವವರು ಮೂಲದಲ್ಲಿಲ್ಲದ ಮಾತುಕತೆ ಸೇರಿಸಿದರೆ ಕೇಳುವವರು ತಲೆದೂಗುತ್ತಾರೆ. ಆದರೆ ಇಲ್ಲಿಯ ಮೆಥೋಡಿಸ್ಟ್ ಸಭೆಗಳಲ್ಲಿ ಬೆಳೆದವರಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ವಚನ ಬಾಯಿಪಾಠ. ಕೂಡಿಸಿದ್ದು ಎಲ್ಲಿ ಎಂದು ಕೂಡಲೇ ಗೊತ್ತಾಗುತ್ತದೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಸರಣಿ ನೋಡಿ ಬೆಳೆದ ಮಗು ಕಲ್ಪನೆಯನ್ನೂ ಸುವಾರ್ತೆ ಅಂತಲೇ ತಿಳಿದರೆ? ಮುಸ್ಲಿಂ ನೆರೆಹೊರೆಯವರ ಆಕ್ಷೇಪ ಇನ್ನೂ ಮೂಲದ್ದು. ಅವರು ಈಸಾ ಎಂದು ಕರೆಯುವ ಯೇಸು ಅವರಿಗೂ ಪ್ರವಾದಿ, ಪ್ರವಾದಿಯ ಪಾತ್ರವನ್ನು ನಟ ಮಾಡುವುದೇ ಅನೇಕರಿಗೆ ಒಪ್ಪಿಗೆಯಿಲ್ಲ. ಆದರೂ ಇರಾನಿನಲ್ಲಿ ನಾದೆರ್ ತಾಲೆಬ್‌ಜಾದೆ ಯೇಸುವಿನ ಚಿತ್ರ ಮಾಡಿ, ಕ್ರೈಸ್ತರ ನಂಬಿಕೆಯಂತೆ ಒಂದು, ಇಸ್ಲಾಮಿನಂತೆ ಒಂದು, ಹೀಗೆ ಎರಡು ಕೊನೆಗಳನ್ನು ಇಟ್ಟರು.

‘ದಿ ಚೋಸನ್’ 2019ರಲ್ಲಿ ಶುರುವಾದದ್ದು ನೋಡುಗರ ದುಡ್ಡಿನಿಂದ. ನಿರ್ದೇಶಕ ಡಲ್ಲಾಸ್ ಜೆಂಕಿನ್ಸ್ ಮೊದಲ ಸೀಸನ್ನಿಗೆ ಜನರಿಂದ ಕೂಡಿಸಿದ್ದು ಒಂದು ಕೋಟಿ ಡಾಲರಿಗೂ ಹೆಚ್ಚು. ಇದರಲ್ಲಿ ನಾನು ಪೂರ್ತಿ ಒಪ್ಪುವ ಕಲ್ಪನೆ ಒಂದಿದೆ. ಚಿಕ್ಕ ಯಾಕೋಬ ಎಂಬ ಶಿಷ್ಯ ಇಲ್ಲಿ ಕುಂಟುತ್ತಾನೆ. ಯೇಸು ಶಿಷ್ಯರನ್ನು ರೋಗಿಗಳನ್ನು ವಾಸಿಮಾಡಲು ಕಳಿಸುವಾಗ, ನನ್ನನ್ನೇ ಯಾಕೆ ವಾಸಿಮಾಡಲಿಲ್ಲ ಎಂದು ಕೇಳುತ್ತಾನೆ. ಈ ದೃಶ್ಯ ಯಾವ ಸುವಾರ್ತೆಯಲ್ಲೂ ಇಲ್ಲ. ಆದರೆ ಪ್ರಾರ್ಥನಾ ಕೂಟಕ್ಕೆ ಬರುವ ಪ್ರತಿ ಕಾಯಿಲೆಯವರ ಮನಸ್ಸಿನಲ್ಲೂ ಈ ಪ್ರಶ್ನೆ ಇದೆ.

ನನ್ನದೂ ಒಂದು ಬೇಡಿಕೆ ಇದೆ. ಡಬ್ ಆದ ಯೇಸು, ಶಿಷ್ಯರು ಪುಸ್ತಕದ ಭಾಷೆಯನ್ನೇ ಆಡಬೇಕಾ? ಮಹಾಯಾಜಕನ ಅಂಗಳದಲ್ಲಿ ಶಿಷ್ಯ ಪೇತ್ರನನ್ನು ಜನ ಗುರುತಿಸಿದ್ದು ಅವನ ಮಾತಿನ ಧಾಟಿಯಿಂದ ಎಂದು ಮತ್ತಾಯನೇ ಬರೆದಿದ್ದಾನೆ. ಗಲಿಲಾಯದ ಆ ಮೀನುಗಾರ ಕಲಬುರಗಿ ಕನ್ನಡದಲ್ಲಿ ‘ಏನ್ ಮಾಡ್ಲಕತ್ತೀರಿ’ ಅಂದರೆ ಸುವಾರ್ತೆಗೆ ಹತ್ತಿರವೇ ಆಗುತ್ತದೆ. ಸೇಯರ್ಸ್‌ಗೆ ಬಂದಂಥ ವಿರೋಧ ಇಲ್ಲೂ ಬರಬಹುದು. ಬರಲಿ.

‘ದಿ ಚೋಸನ್’ನ ಆರನೇ ಸೀಸನ್ ಪೂರ್ತಿ ಶಿಲುಬೆಯ ಒಂದು ದಿನಕ್ಕೆ ಮೀಸಲು. ಆ ದಿನದ ಬಗ್ಗೆ ನಾಲ್ವರು ಸುವಾರ್ತಿಕರೂ ವಿವರವಾಗಿ ಬರೆದಿದ್ದಾರೆ. ಹಾಗಾಗಿ ಅಲ್ಲಿ ಜಗಳ ಕೂಡಿಸಿದ್ದರ ಬಗ್ಗೆ ಇರುವುದಕ್ಕಿಂತ, ರಕ್ತವನ್ನು ಎಷ್ಟು ತೋರಿಸುತ್ತಾರೆ, ಆ ಸಾವಿನ ಹೊಣೆಯನ್ನು ರೋಮನ್ ಅಧಿಪತಿ ಪಿಲಾತನ ಮೇಲೆ ಹಾಕುತ್ತಾರೋ ಇಡೀ ಯೆಹೂದಿ ಜನರ ಮೇಲೋ ಎಂಬುದರ ಬಗ್ಗೆ ಇರುತ್ತದೆ.