ಪ್ರಿನ್ಸಿಪಾಲರ ಸಹಿ ಬೀಳುವ ಜಾಗಗಳು

ಅಮೆರಿಕದ ಸರ್ಕಾರಿ ಶಾಲೆಗಳ ದಾಖಲೆ ಪರಿಶೀಲಿಸುವುದು ನನ್ನ ಕೆಲಸ. ಹೊಸಬರು ಸಿಕ್ಕರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಪ್ರಿನ್ಸಿಪಾಲರು ಪಾಠ ಮಾಡೋದೇ ಇಲ್ಲ. ಅವರು ಯಾವ ಜನಾಂಗದವರಾದ್ರೆ ಮಕ್ಕಳ ಮಾರ್ಕ್ಸಿಗೇನು?’

ಪಾಠ ಮಾಡುವುದಿಲ್ಲ, ನಿಜ. ಆದರೆ ಪಾಠ ಮಾಡುವವರನ್ನು ಆರಿಸುವವರು ಅವರೇ ಅಲ್ವಾ? ಮಿಸೌರಿ ಮತ್ತು ಟೆನೆಸ್ಸಿ ರಾಜ್ಯಗಳ ದಾಖಲೆಗಳನ್ನು ಬ್ರೆಂಡನ್ ಬಾರ್ಟನೆನ್, ಜೇಸನ್ ಗ್ರಿಸಮ್ ಎಂಬ ಸಂಶೋಧಕರು ಜಾಲಾಡಿದರು. ಕಪ್ಪುವರ್ಣೀಯ ಪ್ರಿನ್ಸಿಪಾಲರು ಬಂದ ಕಡೆ ಕಪ್ಪುವರ್ಣೀಯ ಶಿಕ್ಷಕರ ನೇಮಕ ಹೆಚ್ಚಿತ್ತು, ಕೆಲಸ ಬಿಟ್ಟು ಹೋಗುವವರು ಕಡಿಮೆಯಾಗಿದ್ದರು. ಕಪ್ಪುವರ್ಣೀಯ ಮಕ್ಕಳ ಗಣಿತದ ಅಂಕವೂ ಏರಿತ್ತು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ‘ಪ್ರತಿಭಾವಂತರ ತರಗತಿ’ಯ ಪಟ್ಟಿ, ಅಂದರೆ ಚುರುಕಾದ ಮಕ್ಕಳಿಗೆಂದೇ ನಡೆಸುವ ವಿಶೇಷ ತರಗತಿಗೆ ಆಯ್ಕೆಯಾದವರ ಪಟ್ಟಿ. ಬಹಳ ಕಡೆ ಶಿಕ್ಷಕರು ಹೆಸರು ಸೂಚಿಸಿದರಷ್ಟೇ ಮಗುವಿಗೆ ಪರೀಕ್ಷೆ. ಗ್ರಿಸಮ್ ಮತ್ತು ಕ್ರಿಸ್ಟೋಫರ್ ರೆಡ್ಡಿಂಗ್ 2016ರಲ್ಲಿ ತೋರಿಸಿದಂತೆ, ಅಂಕ ಒಂದೇ ಇದ್ದರೂ ಕಪ್ಪುವರ್ಣೀಯ ಮಕ್ಕಳು ಆ ಪಟ್ಟಿಗೆ ಸೇರುವುದು ಕಡಿಮೆ. ಶಿಕ್ಷಕರೂ ಕಪ್ಪುವರ್ಣೀಯರಾಗಿದ್ದರೆ ಈ ಅಂತರ ತುಂಬಾ ಇಳಿಯುತ್ತದೆ. ಫ್ಲಾರಿಡಾದ ಒಂದು ದೊಡ್ಡ ಜಿಲ್ಲೆಯಲ್ಲಿ 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಪರೀಕ್ಷೆ ಇಟ್ಟರು. ಪಟ್ಟಿಯಲ್ಲಿ ಕಪ್ಪುವರ್ಣೀಯ, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದ) ಮಕ್ಕಳ ಸಂಖ್ಯೆ ಮೇಲೇರಿತು. ದುಡ್ಡಿಲ್ಲ ಅಂತ ಪರೀಕ್ಷೆ ನಿಲ್ಲಿಸಿದರು, ಮತ್ತೆ ಮೊದಲಿನ ಸ್ಥಿತಿ! ಮಕ್ಕಳ ಬುದ್ಧಿ ಏನೂ ಬದಲಾಗಿರಲಿಲ್ಲ.

ಕಪ್ಪುವರ್ಣೀಯ ಪ್ರಿನ್ಸಿಪಾಲರ ಇವತ್ತಿನ ಕೊರತೆಗೆ ಹಳೆಯ ಬೇರಿದೆ. ಜನಾಂಗದ ಆಧಾರದಲ್ಲಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ 1954ರ ಬ್ರೌನ್ ತೀರ್ಪಿನ ನಂತರ ದಕ್ಷಿಣದ ರಾಜ್ಯಗಳು ಶಾಲೆಗಳನ್ನು ಒಂದುಮಾಡುವಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪುವರ್ಣೀಯರ ಶಾಲೆಗಳನ್ನೇ. ಅಲ್ಲಿನ ಪ್ರಿನ್ಸಿಪಾಲರಲ್ಲಿ ಬಹಳ ಮಂದಿಗೆ ಕೆಲಸ ಹೋಯಿತು, ಇಲ್ಲವೇ ಕೆಳಗಿನ ಹುದ್ದೆ ಸಿಕ್ಕಿತು. 2020–21ರಲ್ಲೂ ಸರ್ಕಾರಿ ಶಾಲೆಗಳ ಪ್ರಿನ್ಸಿಪಾಲರಲ್ಲಿ ಸುಮಾರು 77% ಬಿಳಿಯರು, 10% ಕಪ್ಪುವರ್ಣೀಯರು. ಮಕ್ಕಳಲ್ಲಿ ಬಿಳಿಯರು ಅರ್ಧಕ್ಕಿಂತ ಕಡಿಮೆ.

ಹಾಗಂತ ಹೆಸರಿಗೆ ಒಬ್ಬರನ್ನು ಕೂರಿಸಿದರೆ ಆಗುವುದಿಲ್ಲ. ನಾನು ಹೋಗಿದ್ದ ಒಂದು ಶಾಲೆಯಲ್ಲಿ ಕಪ್ಪುವರ್ಣೀಯ ಪ್ರಿನ್ಸಿಪಾಲರು ಬಂದು ಒಂದು ವರ್ಷವಾಗಿತ್ತು. ಪ್ರತಿಭಾವಂತರ ಪಟ್ಟಿ ಮಾತ್ರ ಹಳೆಯದರ ನಕಲು. ಶಿಕ್ಷಕರ ಸಂದರ್ಶನ ಸಮಿತಿಯನ್ನು ಮೇಲಿನವರೇ ನೇಮಿಸುತ್ತಿದ್ದರು, ಇವರದ್ದು ಸುಮ್ನೆ ಸಹಿ. ಅದಕ್ಕೇ ನಾನು ಜಿಲ್ಲೆಯ ಶಾಲೆಗಳ ಮೇಲಿರುವ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡನ್ನೂ ನೋಡುತ್ತೇನೆ. ಕ್ಯಾಲಿಫೋರ್ನಿಯಾದ ಬೋರ್ಡ್ ಚುನಾವಣೆಗಳ ಅಧ್ಯಯನವೊಂದರಲ್ಲಿ, ಅಲ್ಪಸಂಖ್ಯಾತ (ಅಂದರೆ ಬಿಳಿಯರಲ್ಲದ) ಸದಸ್ಯರು ಗೆದ್ದ ಮೇಲೆ ಅಲ್ಪಸಂಖ್ಯಾತ ಪ್ರಿನ್ಸಿಪಾಲರೂ ಹೆಚ್ಚಾದರು, ಅಲ್ಪಸಂಖ್ಯಾತ ಮಕ್ಕಳ ಕಲಿಕೆಯೂ ಕೆಲವು ವರ್ಷಗಳಲ್ಲಿ ಸುಧಾರಿಸಿತು. ಬಿಳಿಯ ಮಕ್ಕಳ ಅಂಕ ಇಳಿದದ್ದು ಕಾಣಲಿಲ್ಲ.