ತೆನೆ, ಬತೇರಿ, ಬಾಗಿಲು: ಚಿತ್ರದುರ್ಗದ ಕೋಟೆಯನ್ನು ಒಳಗಿನಿಂದ ನೋಡುವ ಬಗೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನಾವು ಸಾಮಾನ್ಯವಾಗಿ ಕೆಳಗಿನಿಂದ ಕತ್ತೆತ್ತಿ ನೋಡುತ್ತೇವೆ. ಅಂದರೆ ಮುತ್ತಿಗೆ ಹಾಕಲು ಬಂದವನ ಜಾಗದಲ್ಲಿ ನಿಂತು ನೋಡುತ್ತೇವೆ. ಗೋಡೆಯ ಒಂದೊಂದು ಅಂಗವೂ ಏತಕ್ಕಿದೆ ಎಂದು ತಿಳಿಯಬೇಕಾದರೆ ಕಾವಲುಗಾರನ ಜಾಗಕ್ಕೇ ಹೋಗಿ ನಿಲ್ಲಬೇಕು.

ಗೋಡೆಯ ನೆತ್ತಿಯ ಮೇಲೆ ಹಲ್ಲುಗಳಂತೆ ಸಾಲಾಗಿ ಎದ್ದು ನಿಂತ ಭಾಗಗಳಿಗೆ ತೆನೆ ಎನ್ನುತ್ತಾರೆ. ತೆನೆಗಳ ನಡುವಿನ ತೆರವಿನಿಂದ ಗುಂಡು ಹಾರಿಸಿದ ಕಾವಲುಗಾರ, ಬಂದೂಕಿಗೆ ಮತ್ತೆ ಮದ್ದು ತುಂಬುವಷ್ಟು ಹೊತ್ತು ತೆನೆಯ ಮರೆಗೆ ಸರಿದುಕೊಳ್ಳುತ್ತಿದ್ದ. ತೆನೆಯಲ್ಲೇ ಕಿಂಡಿ ಬಿಟ್ಟಿದ್ದರೆ ತಲೆ ಹೊರಹಾಕುವ ಅಗತ್ಯವೂ ಇರಲಿಲ್ಲ. ಗೋಡೆಯ ಬುಡಕ್ಕೇ ಬಂದು ಅಂಟಿಕೊಂಡ ಶತ್ರುವನ್ನೂ ಹೊಡೆಯಲೆಂದು ಇಂತಹ ಕಿಂಡಿಗಳಲ್ಲಿ ಕೆಲವನ್ನು ಕೆಳಮುಖವಾಗಿ ಓರೆ ಮಾಡುವ ಪದ್ಧತಿ ನಮ್ಮ ನಾಡಿನ ಕೋಟೆಗಳಲ್ಲಿದೆ.

ಆದರೂ ಗೋಡೆ ನೇರವಾಗಿದ್ದರೆ ಅದರ ಬುಡ ಪೂರ್ತಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಈ ಕೊರತೆಯನ್ನು ನೀಗಿಸುವುದು ಮುಂದಕ್ಕೆ ಚಾಚಿದ ಬತೇರಿ, ಎಂದರೆ ಕೊತ್ತಲ. ಅದರ ಮೇಲೆ ನಿಂತವನಿಗೆ ಎರಡೂ ಬದಿಯ ಗೋಡೆಯ ಹೊರಮೈ ಪಕ್ಕದಿಂದ ಕಾಣುತ್ತದೆ. ತೆನೆಯೂ ಬತೇರಿಯೂ ಒಂದೇ ಎಂದು ಬರೆಯುವ ತಪ್ಪು ನಮ್ಮಲ್ಲಿ ಬಹಳ ಸಾಮಾನ್ಯ. ತೆನೆ ಕಾವಲುಗಾರನಿಗೆ ಮರೆ, ಬತೇರಿ ಅವನಿಗೆ ನೆಲೆ. ಕಂದಕದ ಕೆಲಸ ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಜಾಣತನವಿರುವುದು ಬಾಗಿಲುಗಳಲ್ಲಿ. ದಾರಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗದೆ, ಎತ್ತರದ ಗೋಡೆಗಳ ನಡುವೆ ಮತ್ತೆ ಮತ್ತೆ ಹೊರಳುತ್ತದೆ. ಕದಕ್ಕೆ ಗುದ್ದಬೇಕಾದ ಆನೆಗೆ ಓಡಿ ಬರಲು ಜಾಗ ಸಿಗುವುದಿಲ್ಲ. ತಿರುವಿನಲ್ಲಿ ನಡಿಗೆ ನಿಧಾನಗೊಂಡ ಸೈನಿಕರ ಮೇಲೆ ಗೋಡೆಯ ಮೇಲಿನಿಂದ ಹೊಡೆತ ಬೀಳುತ್ತದೆ. ಕೋಟೆಯೊಳಗೆ ಮದ್ದು ಅರೆಯಲು ಹೂಡಿದ್ದ ನಾಲ್ಕು ಭಾರಿ ಬೀಸುವ ಕಲ್ಲುಗಳನ್ನು ನೋಡಿದರೆ, ನಾಯಕರ ಕಾಲದ ಈ ಗೋಡೆಗಳು ಬಿಲ್ಲುಬಾಣಗಳಿಗಿಂತ ಹೆಚ್ಚಾಗಿ ತುಪಾಕಿ, ಫಿರಂಗಿಗಳ ಯುದ್ಧವನ್ನು ಕಂಡವು ಎಂಬುದು ಮನವರಿಕೆಯಾಗುತ್ತದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು.

ಓಬವ್ವನ ಕಿಂಡಿಯನ್ನು ಮಾತ್ರ ತೆನೆಯ ಕಿಂಡಿಗಳ ಜೊತೆ ಸೇರಿಸಬಾರದು. ಅದು ಬಂಡೆಗಳ ನಡುವಿನ ಇಕ್ಕಟ್ಟಾದ ಸಂದು. ಅಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮೈ ಕುಗ್ಗಿಸಿಕೊಂಡೇ ನುಸುಳಬೇಕು. ತಲೆ ಮೊದಲು ಹೊರಗೆ ಬರುತ್ತದೆ, ಕೈ ಆಮೇಲೆ. ಒನಕೆ ಹಿಡಿದು ನಿಂತ ಒಬ್ಬಳೇ ಹೆಂಗಸು, ಓಬವ್ವ, ಹೈದರಾಲಿಯ ಅಷ್ಟು ಜನ ಸೈನಿಕರನ್ನು ತಡೆದಳೆಂಬ ಕಥೆ ಆ ಸಂದಿನ ಮುಂದೆ ನಿಂತಾಗ ಉತ್ಪ್ರೇಕ್ಷೆಯೆನಿಸುವುದಿಲ್ಲ.