ಹೂಳಿನ ರಿಪೋರ್ಟೂ ಹುಳದ ಹೊಟ್ಟೆಯೂ

ನದಿ ತಳದ ಹೂಳು ಪರೀಕ್ಷೆ ಮಾಡಿಸಿ ರಿಪೋರ್ಟ್ ಹಿಡಿದು ಬರುವವರು ಕೇಳುವುದು ಒಂದೇ ಮಾತು: "ಕೆ.ಜಿ.ಗೆ ಇಷ್ಟು ಮಿಲಿಗ್ರಾಂ ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಇದೆ. ಹುಳುಗಳಿಗೆ ಇದು ಜಾಸ್ತೀನಾ?" ಆ ಅಂಕಿಯೊಂದನ್ನೇ ನೋಡಿ ಉತ್ತರ ಹೇಳಲು ನನಗೆ ಬರುವುದಿಲ್ಲ. ಯಾರಾದರೂ ಥಟ್ಟನೆ ಹೇಳಿಬಿಟ್ಟರೆ ಸುಮ್ನೆ ನಂಬಬೇಡಿ.

ಅದು ಒಟ್ಟು ಲೆಕ್ಕ. ಲ್ಯಾಬಿನಲ್ಲಿ ಹೂಳಿಗೆ ಗಟ್ಟಿ ಆಸಿಡ್ ಹಾಕಿ ಕಾಯಿಸಿ ಲೋಹವನ್ನು ಹೊರಗೆಳೆಯುತ್ತಾರೆ. ಹುಳದ ಹೊಟ್ಟೆಯಲ್ಲಿ ಅಂಥ ಆಸಿಡ್ ಇಲ್ಲ, ಅಲ್ವಾ? ಅದಕ್ಕೆ ಸಿಗುವುದು ಕಣಗಳ ಸಂದಿಯ ನೀರಿನಲ್ಲಿ ಕರಗಿರುವಷ್ಟು, ಜೊತೆಗೆ ತಿಂದ ಕೆಸರು ಕರುಳಿನಲ್ಲಿ ಬಿಟ್ಟುಕೊಡುವಷ್ಟು. ಉಳಿದದ್ದು ಸದ್ಯಕ್ಕೆ ಇದ್ದೂ ಇಲ್ಲದ ಹಾಗೆ.

ಗಾಳಿ ತಾಕದ ಕಪ್ಪು ಹೂಳಿನಲ್ಲಿ ಬ್ಯಾಕ್ಟೀರಿಯಾಗಳಿಂದ ಸಲ್ಫೈಡ್ (ಗಂಧಕದ ಒಂದು ರೂಪ) ಹುಟ್ಟುತ್ತದೆ. ಕ್ಯಾಡ್ಮಿಯಂ, ತಾಮ್ರ, ಸೀಸ, ಸತು, ನಿಕಲ್ ಅದರ ಜೊತೆ ಸೇರಿ ಕರಗದಂತಾಗುತ್ತವೆ. ಸಲ್ಫೈಡ್ ಲೋಹಕ್ಕಿಂತ ಜಾಸ್ತಿ ಇದ್ದರೆ, ಆ ಲೋಹಗಳಿಂದ ಹುಳುಗಳು ಸಾಯುವುದು ಅಪರೂಪ. ಸಲ್ಫೈಡ್ ಕಮ್ಮಿ ಇದ್ದರೆ ಸಾಯಲೇಬೇಕು ಅಂತೇನಿಲ್ಲ. ಲೋಹವನ್ನು ಹಿಡಿದಿಟ್ಟುಕೊಳ್ಳುವಂಥದ್ದು ಹೂಳಿನಲ್ಲಿ ಬೇರೆಯೂ ಇರುತ್ತದೆ. ಆದರೆ ಮರಳಿನಲ್ಲಿ ಹಾಗೆ ಹಿಡಿದಿಡುವಂಥದ್ದು ಕಮ್ಮಿ; ಅದೇ ಅಂಕಿ ಮರಳು ಜಾಸ್ತಿ ಇರುವ ಹೂಳಿನಲ್ಲಿ ಬಂದರೆ ನನಗೆ ಚಿಂತೆಯಾಗುತ್ತದೆ. ಡಿಡಿಟಿಯಂಥ ಕೀಟನಾಶಕ, ಪಿಸಿಬಿಗಳೆಂಬ ಕಾರ್ಖಾನೆ ರಾಸಾಯನಿಕಗಳನ್ನು ಹಿಡಿದಿಡುವುದು ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ-ಕಡ್ಡಿಯಂಥವುಗಳ ಇಂಗಾಲ. ಅದನ್ನು ಅಳೆಯದ ರಿಪೋರ್ಟಿಗೆ ದುಡ್ಡು ಕೊಡಬೇಡಿ.

ಒಬ್ಬರು ಹೂಳನ್ನು ಬಿಸಿಲಿಗೆ ಹರಡಿ, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ತಂದಿದ್ದರು. "ಹೊರೋಕೆ ಹಗುರ ಆಗುತ್ತಲ್ಲ" ಅಂದರು. ಅಷ್ಟು ಅಚ್ಚುಕಟ್ಟು ಕೆಲಸ ನೋಡಿ ಬೈಯಲು ಮನಸ್ಸು ಬರಲಿಲ್ಲ. ಆದರೆ ಗಾಳಿ ತಾಕಿದರೆ ಸಲ್ಫೈಡ್ ಹಾಳಾಗಿ, ಹಿಡಿದಿಟ್ಟ ಲೋಹವನ್ನು ಬಿಟ್ಟುಬಿಡುತ್ತದೆ. ಅದರಲ್ಲಿ ಹುಳ ಸತ್ತರೆ ತಪ್ಪು ನದಿಯದೋ, ಬಿಸಿಲಿನದೋ? ಹೂಳೆತ್ತಿ ದಡದ ಮೇಲೆ ರಾಶಿ ಹಾಕಿದಾಗಲೂ ನಡೆಯುವುದು ಇದೇ. ಡಬ್ಬಿಯ ಬಾಯಿವರೆಗೆ ಒದ್ದೆ ಹೂಳನ್ನೇ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾಗಿಟ್ಟು ತನ್ನಿ. ಭಾರ ಇರುತ್ತದೆ, ಗೊತ್ತು.

ಆಮೇಲೆ ಹುಳವನ್ನೇ ಕೇಳಬೇಕು. ಕೈರೊನೊಮಸ್ ರೈಪೇರಿಯಸ್ ಅಂತ ಒಂದು ಕೀಟವಿದೆ. ನೋಡಲು ಸೊಳ್ಳೆ ಥರ, ಕಚ್ಚುವುದಿಲ್ಲ. ಅದರ ಕೆಂಪು ಮರಿ ಕೆಸರಲ್ಲೇ ಗೂಡು ಮಾಡಿ, ಕೆಸರನ್ನೇ ತಿಂದು ಬೆಳೆಯುತ್ತದೆ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 218ನೇ ಪರೀಕ್ಷಾ ಮಾರ್ಗಸೂಚಿ ಈ ಕೀಟದ ಪರೀಕ್ಷೆಯದು; ಲ್ಯಾಬಿನಲ್ಲಿ ರಾಸಾಯನಿಕ ಬೆರೆಸಿದ ಹೂಳಿಗೆಂದು ಬರೆದದ್ದು. ನದಿಯ ಹೂಳಿಗೂ ಅದನ್ನೇ ಹೊಂದಿಸಿಕೊಳ್ಳಬಹುದು. ಈ ಕೀಟದ ಪರೀಕ್ಷೆಗೆ 28 ದಿನ ಬೇಕು. ಎಷ್ಟು ಸತ್ತವು ಅನ್ನುವುದರ ಜೊತೆಗೆ, ಎಷ್ಟು ಮರಿಗಳು ರೆಕ್ಕೆ ಬಂದು ಹಾರಿದವು, ಎಷ್ಟು ತಡವಾಗಿ ಹಾರಿದವು ಅನ್ನುವುದನ್ನೂ ಬರೆದಿಡುತ್ತೇವೆ. ನನಗೆ ಈ ತಡದ ಲೆಕ್ಕದ ಮೇಲೆ ಭರವಸೆ ಜಾಸ್ತಿ. ಸಾಯಿಸದಷ್ಟು ವಿಷ ಎಷ್ಟೋ ಸಲ ಮೊದಲು ಅಲ್ಲೇ ಕಾಣುತ್ತದೆ.

ಇಲ್ಲೂ ಒಂದು ಎಚ್ಚರ. ಹೂಳಿನ ಅಮೋನಿಯಾ, ಆಮ್ಲಜನಕದ ಕೊರತೆ ಕೂಡ ಹುಳುಗಳನ್ನು ಕೊಲ್ಲುತ್ತವೆ. ಅದಕ್ಕೇ ಹೋಲಿಸಿ ನೋಡಲು ಕೊಳಚೆ ಸೇರುವ ಜಾಗಕ್ಕಿಂತ ಮೇಲೆ, ಅದೇ ಥರದ ಹೂಳು ಇರುವ ಕಡೆಯಿಂದ ಇನ್ನೊಂದು ಡಬ್ಬಿ ತನ್ನಿ. ಒಂದೇ ಡಬ್ಬಿ ತಂದವರನ್ನು ವಾಪಸ್ ಕಳಿಸುತ್ತೇನೆ.